ನಾಯಕ ‘ನೀನು’ ಆದಾಗ: ಕಂಪ್ಯೂಟರಿನ ಪಾತ್ರಾಭಿನಯದ ಆಟಗಳು

ಮಹಾಕಾವ್ಯದ ನಾಯಕನು ‘ಅವನು’. ಭಾವಗೀತೆಯಲ್ಲಿ, ಆತ್ಮಕಥೆಯಲ್ಲಿ ಕೇಳಿಬರುವುದು ‘ನಾನು’. ಮಧ್ಯಮ ಪುರುಷದ ‘ನೀನು’ ಇಡೀ ಕಥೆಯ ನಾಯಕನಾಗಿ ನಿಲ್ಲುವುದು ಸಾಹಿತ್ಯದಲ್ಲಿ ವಿರಳ. ಆದರೆ ಕಳೆದ ನಾಲ್ಕೈದು ದಶಕಗಳಲ್ಲಿ ಬೆಳೆದು ಬಂದ ಒಂದು ಕಥನಪ್ರಕಾರವು ಈ ‘ನೀನು’ವಿನ ಮೇಲೆಯೇ ನಿಂತಿದೆ. ನೀನು ಗುಹೆಯ ಬಾಗಿಲಲ್ಲಿ ನಿಂತಿದ್ದೀಯೆ, ಒಳಗೆ ಯಾರೋ ಅಳುತ್ತಿದ್ದಾರೆ, ಏನು ಮಾಡುವೆ? ಹೀಗೆ ಕೇಳಿ, ಉತ್ತರಕ್ಕಾಗಿ ಕಾಯುವ ಕಥೆ ಅದು. ಪಾತ್ರಾಭಿನಯದ ಕಂಪ್ಯೂಟರ್ ಆಟ ಅಥವಾ ಆಟಗಾರರ ಮಾತಿನಲ್ಲಿ ‘ಆರ್‌ಪಿಜಿ’ ಎಂದು ಅದಕ್ಕೆ ಹೆಸರು. ಮೊಬೈಲಿನಲ್ಲಿ ಕಾಣುವ ಆಟಗಳೆಲ್ಲ ಈ ಬಗೆಯವಲ್ಲ. ಕೆಲವೇ ಜನರ ಶ್ರಮದಿಂದ, ಹಳೆಯ ರೂಪದಲ್ಲಿ ಸಿದ್ಧವಾಗುವ ‘ಇಂಡೀ’ ಆಟಗಳು ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ವಿಶೇಷವಾಗಿ ಅರ್ಹವಾಗಿವೆ. ಏಕೆಂದರೆ ಅವುಗಳನ್ನು ಆಡುವುದೆಂದರೆ ಬಹುಮಟ್ಟಿಗೆ ಓದುವುದೇ ಆಗಿದೆ.

ಹುಟ್ಟು ಮತ್ತು ‘ಅವತಾರ’

ಈ ಪ್ರಕಾರದ ಮೂಲವು ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತ ಗೆಳೆಯರಲ್ಲಿ ಒಬ್ಬನು ಸನ್ನಿವೇಶವನ್ನು ವರ್ಣಿಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರಗಳು ಏನು ಮಾಡುತ್ತವೆ ಎಂದು ಹೇಳುತ್ತಾರೆ, ಸಂದೇಹವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಇದು ಮಾತಿನಿಂದಲೇ ನಡೆಯುವ ಆಟ. ಕಂಪ್ಯೂಟರು ಆ ವರ್ಣಿಸುವವನ ಸ್ಥಾನಕ್ಕೆ ಬಂದಾಗ 1981ರ ‘ಅಲ್ಟಿಮಾ’, ‘ವಿಜಾರ್ಡ್ರಿ’ಗಳಂತಹ ಆಟಗಳು ಹುಟ್ಟಿದವು.

1985ರಲ್ಲಿ ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’ ಸರಣಿಯ ನಾಲ್ಕನೆಯ ಕೃತಿ ಒಂದು ಮಹತ್ವದ ತಿರುವು. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ದುಷ್ಟನೇ ಇಲ್ಲ. ಸತ್ಯಸಂಧತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ಆಟಗಾರನು ತನ್ನ ನಡೆಯಲ್ಲಿ ಸಾಧಿಸಿ ‘ಅವತಾರ್’ ಎನಿಸಿಕೊಳ್ಳಬೇಕು. ಸಂಸ್ಕೃತದಿಂದ ಇಂಗ್ಲಿಷಿಗೆ ಹೋಗಿದ್ದ ಈ ಪದವು ಆಟಗಾರನ ಪ್ರತಿರೂಪ ಎಂಬ ಅರ್ಥದಲ್ಲಿ ಕಂಪ್ಯೂಟರ್ ಲೋಕದಲ್ಲಿ ನೆಲೆಯೂರಿದ್ದರಲ್ಲಿ ಈ ಕೃತಿಯ ಪಾಲೂ ಇದೆ. ಇದರಲ್ಲಿ ಗಿಡಮೂಲಿಕೆ ಮಾರುವ ಅಂಗಡಿಯವರಿಗೆ ಕಣ್ಣು ಕಾಣುವುದಿಲ್ಲ. ಹಣ ಎಣಿಸಿ ಕೊಡುವವನು ಆಟಗಾರನೇ. ಕಡಿಮೆ ಕೊಟ್ಟರೂ ಅಂಗಡಿಯಲ್ಲಿ ಯಾರೂ ಹಿಡಿಯುವುದಿಲ್ಲ, ಆದರೆ ಸತ್ಯಸಂಧತೆಯ ಲೆಕ್ಕದಲ್ಲಿ ಅದು ಸದ್ದಿಲ್ಲದೆ ಕಡಿತವಾಗುತ್ತದೆ. ಹರಿಶ್ಚಂದ್ರನ ಕಥೆಯಲ್ಲಿ ಪರೀಕ್ಷೆ ನಡೆಯುವುದು ಹರಿಶ್ಚಂದ್ರನಿಗೆ, ಓದುಗನು ಅದಕ್ಕೆ ಸಾಕ್ಷಿ ಮಾತ್ರ. ಇಲ್ಲಿ ಪರೀಕ್ಷೆ ಓದುಗನಿಗೇ ನಡೆಯುತ್ತದೆ.

ಹಳೆಯ ರೂಪವನ್ನು ಏಕೆ ಆರಿಸುತ್ತಾರೆ?

ಆಗಿನ ಯಂತ್ರಗಳ ಶಕ್ತಿ ಅತ್ಯಲ್ಪ. 1980ರ ದಶಕದ ಪ್ರಸಿದ್ಧ ನಿಂಟೆಂಡೊ ಯಂತ್ರವು ತೋರಿಸುತ್ತಿದ್ದ ಚಿತ್ರದ ಅಳತೆ 256ಕ್ಕೆ 240 ಚುಕ್ಕಿಗಳು ಮಾತ್ರ. ಅದರೊಳಗೆ ಒಬ್ಬ ವೀರನಿಗೆ ದೊರಕುತ್ತಿದ್ದುದು ಹೆಬ್ಬೆರಳಿನ ಉಗುರಿನಷ್ಟು ಜಾಗ. ಇಂದು ಅಂತಹ ಮಿತಿ ಇಲ್ಲ. ಆದರೂ ಅನೇಕರು ಬೇಕೆಂದೇ ಚುಕ್ಕಿಚಿತ್ರದ ರೂಪವನ್ನು ಆರಿಸಿಕೊಳ್ಳುತ್ತಾರೆ. ಇದನ್ನೇ ‘ರೆಟ್ರೊ’ ಶೈಲಿ ಎನ್ನುವರು.

ಇದಕ್ಕೆ ಮೊದಲ ಕಾರಣ ಆರ್ಥಿಕವಾದುದು. ಜೆಫ್ ವೋಗೆಲ್ ಅವರು 1994ರಲ್ಲಿ ಸಿಯಾಟಲ್‌ನಲ್ಲಿ ‘ಸ್ಪೈಡರ್‌ವೆಬ್ ಸಾಫ್ಟ್‌ವೇರ್’ ಎಂಬ ಪುಟ್ಟ ಸಂಸ್ಥೆಯನ್ನು ಆರಂಭಿಸಿದರು. ನೆಲದಡಿಯ ಗುಹೆಗಳಿಗೆ ಗಡಿಪಾರಾದವರ ಕಥೆಯುಳ್ಳ ‘ಎಕ್ಸೈಲ್’ (1995) ಅವರ ಮೊದಲ ಕೃತಿ. ಆರಂಭದ ಭಾಗವನ್ನು ಉಚಿತವಾಗಿ ಹಂಚಿ, ಮೆಚ್ಚಿದವರಿಂದ ಮುಂದಿನ ಭಾಗಕ್ಕೆ ಹಣ ಪಡೆಯುವ ಪದ್ಧತಿಯಿಂದ ಅವರು ಬದುಕು ಕಟ್ಟಿಕೊಂಡರು. ಅದೇ ಕಥೆಯನ್ನು 2000ದಲ್ಲಿಯೂ 2011ರಲ್ಲಿಯೂ ‘ಅವರ್ನಮ್’ ಎಂಬ ಹೆಸರಿನಿಂದ ಹೊಸದಾಗಿ ರಚಿಸಿದರು. ಅವರ ಚಿತ್ರಗಳು ಎಂದೂ ವೈಭವದವಲ್ಲ. ಒಂದು ಕೋಣೆಯ ದುರ್ಗಂಧ, ಒಬ್ಬ ಅಧಿಕಾರಿಯ ದರ್ಪ, ಒಂದು ಹಳ್ಳಿಯ ಹಸಿವು, ಇವೆಲ್ಲ ಅಲ್ಲಿ ಬರುವುದು ವಾಕ್ಯಗಳಲ್ಲಿ. ಚಿತ್ರಕಾರರ ದೊಡ್ಡ ಪಡೆಯನ್ನು ಸಾಕಲಾಗದವನಿಗೆ ಅತ್ಯಂತ ಅಗ್ಗದ ಸಾಮಗ್ರಿಯೆಂದರೆ ಭಾಷೆ.

ಎರಡನೆಯ ಕಾರಣ ರಸಾನುಭವಕ್ಕೆ ಸಂಬಂಧಿಸಿದ್ದು. ಮುಖದ ಪ್ರತಿಯೊಂದು ಸುಕ್ಕನ್ನೂ ಯಂತ್ರವೇ ತೋರಿಸಿದರೆ ನೋಡುಗನು ಊಹಿಸುವುದಕ್ಕೆ ಉಳಿಯುವುದು ಕಡಿಮೆ. ನಾಲ್ಕು ಚುಕ್ಕಿಗಳ ಮುಖಕ್ಕೆ ಅಳುವನ್ನೋ ನಗುವನ್ನೋ ತುಂಬಬೇಕಾದವನು ಆಟಗಾರ. ಆದರೆ ಚಿತ್ರ ಚಿಕ್ಕದಾದ ಮಾತ್ರಕ್ಕೆ ಆನಂದವರ್ಧನನು ಹೇಳಿದ ಧ್ವನಿ ಅದರಲ್ಲಿ ಹುಟ್ಟುವುದಿಲ್ಲ. ಚಿತ್ರವು ಬಿಟ್ಟುಕೊಟ್ಟ ಜಾಗವನ್ನು ಸಮರ್ಥವಾದ ಮಾತು ತುಂಬಿದಾಗಲೇ ಅದು ಸಾಧ್ಯ.

ಎರಡು ಕೃತಿಗಳು

ಈ ಮಾತಿಗೆ ಉತ್ತಮ ನಿದರ್ಶನ ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ (2015). 2013ರಲ್ಲಿ ಜನರಿಂದ ಐವತ್ತು ಸಾವಿರ ಡಾಲರಿಗೂ ಹೆಚ್ಚು ವಂತಿಗೆ ಸಂಗ್ರಹಿಸಿ, ಬಹುಪಾಲು ಕೆಲಸವನ್ನು ಅವರೊಬ್ಬರೇ ಮಾಡಿ ಇದನ್ನು ಮುಗಿಸಿದರು. ರಾಕ್ಷಸರು ವಾಸಿಸುವ ಪಾತಾಳಕ್ಕೆ ಒಂದು ಮಗು ಬೀಳುತ್ತದೆ. ಎದುರಾದವರನ್ನು ಹೊಡೆಯಬಹುದು ಅಥವಾ ಮಾತಿನಿಂದ ಒಲಿಸಿ, ದಯೆ ತೋರಿ ಬಿಡಬಹುದು. ಯಾರನ್ನೂ ಕೊಲ್ಲದೆ ಕಥೆ ಮುಗಿಸುವುದು ಸಾಧ್ಯ.

ಆಟಗಳಲ್ಲಿ ‘ಇಎಕ್ಸ್‌ಪಿ’ ಎಂದರೆ ಅನುಭವದ ಅಂಕ ಎಂಬುದು ರೂಢಿ. ಈ ಕೃತಿಯು ಕೊನೆಯವರೆಗೂ ಆಟಗಾರನನ್ನು ಹಾಗೆಯೇ ನಂಬಗೊಟ್ಟು, ಅದರ ವಿಸ್ತರಣೆ ‘ಕೊಂದ ಲೆಕ್ಕ’ ಎಂದು ತಡವಾಗಿ ತಿಳಿಸುತ್ತದೆ. ಮೊದಲಿಗೆ ತಾಯಿಯಂತೆ ಸಲಹುವ ಟೊರಿಯಲ್‌ಳನ್ನು ಆಟಗಾರನು ಕೊಂದು, ಪಶ್ಚಾತ್ತಾಪಪಟ್ಟು, ಹಿಂದೆ ಉಳಿಸಿಟ್ಟ ಹಂತಕ್ಕೆ ಮರಳಿ ಆಕೆಯನ್ನು ಉಳಿಸಿಕೊಳ್ಳಬಹುದು. ಆಗ ಇನ್ನೊಂದು ಪಾತ್ರ ಎದುರು ಬಂದು, ನೀನು ಮಾಡಿದ್ದು ನನಗೆ ಗೊತ್ತಿದೆ ಎಂದು ಹಂಗಿಸುತ್ತದೆ. ಅಳಿಸಿ ಬರೆದರೂ ಅಳಿಯದ ಕರ್ಮಫಲದ ಕಲ್ಪನೆ ಇದು. ಪುಸ್ತಕವೊಂದಕ್ಕೆ ತನ್ನ ಓದುಗನು ಹಿಂದಿನ ಸಲ ಹೇಗೆ ಓದಿದನೆಂಬುದು ನೆನಪಿರುವುದಿಲ್ಲ. ಈ ಕೃತಿಗೆ ಅದು ನೆನಪಿರುತ್ತದೆ.

ಎರಡನೆಯದು ‘ಡಿಸ್ಕೊ ಎಲಿಸಿಯಮ್’ (2019). ಇದು ಚುಕ್ಕಿಚಿತ್ರದ ಕೃತಿಯಲ್ಲ. ತೈಲವರ್ಣದಂತಹ ಚಿತ್ರಗಳಿದ್ದರೂ, ಮೇಲಿನಿಂದ ಓರೆಯಾಗಿ ನೋಡುವ ಇದರ ವಿನ್ಯಾಸ 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಮುಂತಾದ ಹಳೆಯ ಆಟಗಳ ಪರಂಪರೆಗೆ ಸೇರಿದ್ದು. ಕುಡಿತದಿಂದ ತನ್ನ ಹೆಸರನ್ನೂ ಮರೆತ ಪತ್ತೇದಾರನೊಬ್ಬನು ಕೊಲೆಯೊಂದನ್ನು ಭೇದಿಸಬೇಕು. ಅವನ ಇಪ್ಪತ್ತನಾಲ್ಕು ಸಾಮರ್ಥ್ಯಗಳು (ತರ್ಕ, ಸಹಾನುಭೂತಿ, ಇಚ್ಛಾಶಕ್ತಿ, ವಿಶ್ವಕೋಶ ಇತ್ಯಾದಿ) ಅವನ ತಲೆಯೊಳಗೆ ಬೇರೆ ಬೇರೆ ದನಿಗಳಾಗಿ ಮಾತನಾಡುತ್ತವೆ, ವಾದಿಸುತ್ತವೆ, ದಾರಿ ತಪ್ಪಿಸುತ್ತವೆ. ಇದರ ಪಠ್ಯ ಹತ್ತು ಲಕ್ಷ ಪದಗಳಿಗೂ ಮಿಗಿಲು.

ಇದರ ಹಿನ್ನೆಲೆ ವಿಚಾರಾರ್ಹವಾದುದು. ಕೃತಿಯ ಪ್ರಧಾನ ಲೇಖಕ ರಾಬರ್ಟ್ ಕುರ್ವಿಟ್ಸ್, ಹದಿಮೂರು ಲಕ್ಷದಷ್ಟು ಜನಸಂಖ್ಯೆಯ ಎಸ್ಟೋನಿಯಾ ದೇಶದವರು. ಅದೇ ಕಾಲ್ಪನಿಕ ಲೋಕವನ್ನು ಕುರಿತು ಅವರು 2013ರಲ್ಲಿ ಎಸ್ಟೋನಿಯನ್ ಭಾಷೆಯಲ್ಲಿ ಕಾದಂಬರಿ ಪ್ರಕಟಿಸಿದ್ದರು. ಅದು ಹೆಚ್ಚು ಓದುಗರನ್ನು ತಲುಪಲಿಲ್ಲ. ಆಟವನ್ನು ಇಂಗ್ಲಿಷಿನಲ್ಲಿ ಬರೆದಾಗ ಲೋಕವೇ ಓದಿತು. ಸಣ್ಣ ಭಾಷೆಯ ಲೇಖಕನಿಗೆ ಹೊಸ ಮಾಧ್ಯಮವು ಬಾಗಿಲು ತೆರೆಯಿತು, ಆದರೆ ಒಳಗೆ ಬರುವಾಗ ಅವನ ಭಾಷೆ ಹೊರಗೆ ಉಳಿಯಿತು.

ಗುಣದೋಷ

ಈ ಆಟಗಳನ್ನು ಬಹುಕಾಲ ಆಡಿದ ವಿವೇಕಿಯು ಅವೆಲ್ಲವನ್ನೂ ಹೊಗಳುವುದಿಲ್ಲ. ಬಾಲ್ಯದ ನೆನಪನ್ನು ಕೆರಳಿಸಿ ಹಣ ಪಡೆಯುವ, ಒಳಗೆ ಹುರುಳಿಲ್ಲದ ಚುಕ್ಕಿಚಿತ್ರಗಳು ಬೇಕಾದಷ್ಟಿವೆ. ಒಂದೇ ಬಗೆಯ ಕಾಳಗವನ್ನು ನೂರಾರು ಸಲ ಮಾಡಿಸಿ ಕಾಲಹರಣ ಮಾಡಿಸುವುದು ಹಳೆಯ ಆಟಗಳ ದೊಡ್ಡ ದೋಷ. ಅದನ್ನು ಪರಂಪರೆಯೆಂದು ಸಮರ್ಥಿಸಲಾಗದು. ಇನ್ನು ಕೆಲವು ಕಡೆ ಮೂರು ಉತ್ತರಗಳನ್ನು ಮುಂದಿಟ್ಟು, ಯಾವುದನ್ನು ಆರಿಸಿದರೂ ಒಂದೇ ಕಡೆಗೆ ಒಯ್ಯುತ್ತಾರೆ. ಆದ್ದರಿಂದ ಅಂತಹ ಆಟಗಾರನು ಕೇಳುವ ಪ್ರಶ್ನೆಗಳು ಮೂರು. ಇಲ್ಲಿಯ ಬರಹ ಓದಲು ಯೋಗ್ಯವೇ? ಆಯ್ಕೆಗೆ ಫಲವುಂಟೇ? ಆಟಗಾರನ ಸಮಯಕ್ಕೆ ಬೆಲೆಯುಂಟೇ?

ಕನ್ನಡದಲ್ಲಿ ‘ನೀನು’

‘ಅಂಡರ್‌ಟೇಲ್’ ಅಧಿಕೃತವಾಗಿ ಇಂಗ್ಲಿಷ್ ಮತ್ತು ಜಪಾನಿ ಭಾಷೆಗಳಲ್ಲಿದೆ. ‘ಡಿಸ್ಕೊ ಎಲಿಸಿಯಮ್’ ಹಲವು ಭಾಷೆಗಳಿಗೆ ಹೋಗಿದ್ದರೂ ಕನ್ನಡಕ್ಕೆ ಬಂದಿಲ್ಲ. ತರುವುದಾದರೆ ಎದುರಾಗುವ ತೊಡಕುಗಳು ವ್ಯಾಕರಣದ ವಿದ್ಯಾರ್ಥಿಗೆ ಪರಿಚಿತವಾದವೇ. ಆಟಗಾರನು ತಾನೇ ಬರೆದ ಹೆಸರನ್ನು ಯಂತ್ರವು ಸಿದ್ಧ ವಾಕ್ಯದಲ್ಲಿ ಜೋಡಿಸುತ್ತದೆ. ಇಂಗ್ಲಿಷಿನಲ್ಲಿ ಹೆಸರು ಬದಲಾಗದು. ಕನ್ನಡದಲ್ಲಿ ಚತುರ್ಥಿ ಸೇರಿದಾಗ ರಾಮನಿಗೆ, ಗುರುವಿಗೆ, ಕಾವೇರಿಗೆ ಎಂದು ರೂಪಗಳು ಬೇರೆಯಾಗುತ್ತವೆ. ಆದ್ದರಿಂದ ಯಂತ್ರಕ್ಕೆ ಮೊದಲು ಸಂಧಿಯನ್ನೂ ವಿಭಕ್ತಿಯನ್ನೂ ಕಲಿಸಬೇಕು. ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಡುವ ಸರಳ ತಂತ್ರಾಂಶವು ‘ಸ್ತ್ರೀ’ ಎಂಬಲ್ಲಿನ ಒತ್ತಕ್ಷರಗಳಿಗೆ ಸೋಲುತ್ತದೆ. ಎಂಟಕ್ಕೆ ಎಂಟು ಚುಕ್ಕಿಗಳ ಮನೆಯಲ್ಲಿ ಅವು ಹಿಡಿಸುವುದಿಲ್ಲ. ಆದರೆ ಲಿಪಿಯ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಜಪಾನಿಯರು ಕಾಂಜಿ ಲಿಪಿಯನ್ನು ಬಿಟ್ಟು, ಸರಳವಾದ ಕಾನಾ ಅಕ್ಷರಗಳಲ್ಲಿಯೇ ಕಥೆ ಹೇಳಿದರು.

ಇನ್ನು ಕನ್ನಡಕ್ಕಿರುವ ಅನುಕೂಲಗಳು. ಮರಾಠಿ ಬಲ್ಲವರಿಗೆ ಇವು ಕೂಡಲೇ ಹೊಳೆಯುತ್ತವೆ. ಮರಾಠಿಯಲ್ಲಿ ಗಂಡು ‘ಮೀ ಗೇಲೋ’ ಎಂದರೆ ಹೆಣ್ಣು ‘ಮೀ ಗೇಲೇ’ ಎನ್ನಬೇಕು. ಎದುರಿನವರಿಗೆ ಹೇಳುವಾಗಲೂ ‘ತೂ ಗೇಲಾಸ್’, ‘ತೂ ಗೇಲೀಸ್’ ಎಂಬ ಭೇದವಿದೆ. ಕನ್ನಡದ ‘ನಾನು ಹೋದೆನು’, ‘ನೀನು ಹೋದೆ’ ಎಂಬಲ್ಲಿ ಲಿಂಗಸೂಚನೆ ಇಲ್ಲ. ಆಡುವವರು ಯಾರೇ ಆಗಿರಲಿ, ವಾಕ್ಯವು ಅವರದಾಗುತ್ತದೆ. ‘ಅಂಡರ್‌ಟೇಲ್’ನ ಮಗು ಗಂಡೋ ಹೆಣ್ಣೋ ಎಂದು ಕೃತಿ ಹೇಳುವುದಿಲ್ಲ. ಮರಾಠಿಯ ‘ಮೂಲ್’ನಂತೆ ಕನ್ನಡದ ‘ಮಗು’ವೂ ನಪುಂಸಕ ಲಿಂಗ. ‘ಮಗು ಬಂದಿತು’ ಎಂದರೆ ಸಾಕು. ಮತ್ತೊಂದೆಡೆ ಇಂಗ್ಲಿಷಿನ ಒಂದೇ ಸಂಬೋಧನೆಯ ಸ್ಥಾನದಲ್ಲಿ ‘ನೀನು’, ‘ನೀವು’, ‘ತಾವು’ ಎಂಬ ಮೂರು ಆಯ್ಕೆಗಳಿವೆ. ದಯೆ ತೋರಿದ ಆಟಗಾರನನ್ನು ‘ನೀವು’ ಎನ್ನುತ್ತಿದ್ದ ಪಾತ್ರವೊಂದು, ಅವನು ಕೊಲೆ ಮಾಡಿದ ಮರುಕ್ಷಣ ‘ನೀನು’ ಎಂದರೆ ಆ ಒಂದು ಸರ್ವನಾಮವೇ ತೀರ್ಪಾಗುತ್ತದೆ.

ಇಪ್ಪತ್ತನಾಲ್ಕು ದನಿಗಳಿಗೂ ಕನ್ನಡದಲ್ಲಿ ಕೊರತೆಯಿಲ್ಲ. ‘ವಿಶ್ವಕೋಶ’ವು ಗ್ರಾಂಥಿಕ ಭಾಷೆಯಲ್ಲಿ ಉಪನ್ಯಾಸ ಮಾಡಲಿ, ‘ತರ್ಕ’ವು ಪತ್ರಿಕೆಯ ಶಿಷ್ಟ ಕನ್ನಡ ಆಡಲಿ, ‘ಸಹಾನುಭೂತಿ’ಯು ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಲ್ಲಿ ಅಜ್ಜಿಯರು ಆಡುವ, ನಡುನಡುವೆ ಮರಾಠಿ ಬೆರೆತ ಮಾತಿನಲ್ಲಿ ಸಂತೈಸಲಿ. ಗಡಿಯ ವಿದ್ಯಾರ್ಥಿಗಳಿಗೆ ಈ ಮೂರೂ ಕನ್ನಡಗಳು ಕಿವಿಯಲ್ಲಿವೆ. ಇಂತಹ ಆಟವನ್ನು ಬರೆಯಲು ದೊಡ್ಡ ಬಂಡವಾಳ ಬೇಕಿಲ್ಲ ಎಂಬುದನ್ನು ವೋಗೆಲ್ ಮತ್ತು ಫಾಕ್ಸ್ ತೋರಿಸಿದ್ದಾರೆ. ಒಂದು ಬಾಗಿಲು, ಒಳಗಿನಿಂದ ಬರುವ ಒಂದು ಅಳು, ‘ಏನು ಮಾಡುವೆ?’ ಎಂಬ ಒಂದು ಪ್ರಶ್ನೆ, ಅದಕ್ಕೆ ಎರಡು ಪ್ರಾಮಾಣಿಕ ಉತ್ತರಗಳು. ಇಷ್ಟನ್ನು ಕಾಗದದ ಮೇಲೆ ಬರೆದರೂ ಆರಂಭವಾದಂತೆಯೇ.