ಎಷ್ಟು ಬೇಕಾದರೂ ರಜೆ ಹಾಕಿ, ಆದರೆ…

ವರ್ಜಿನ್ ಸಮೂಹದ ರಿಚರ್ಡ್ ಬ್ರಾನ್ಸನ್ 2014ರಲ್ಲಿ ತಮ್ಮ ಮುಖ್ಯ ಕಚೇರಿಯ ಸುಮಾರು 170 ನೌಕರರಿಗೆ ದೊಡ್ಡ ವರವನ್ನೇ ಕೊಟ್ಟರು. ಎಷ್ಟು ದಿನ ಬೇಕಾದರೂ ಸಂಬಳಸಹಿತ ರಜೆ ಹಾಕಿ, ಯಾರನ್ನೂ ಕೇಳಬೇಕಿಲ್ಲ, ಯಾರೂ ಲೆಕ್ಕ ಇಡುವುದಿಲ್ಲ ಎಂದರು. ಇಂಥ ಯಜಮಾನ ನಮಗೂ ಸಿಗಬಾರದೇ ಅನ್ನಿಸುತ್ತದೆ. ಆದರೆ ಬಾಲಂಗೋಚಿಯಂತೆ ಒಂದು ಷರತ್ತಿತ್ತು. ಕೈಯಲ್ಲಿರುವ ಕೆಲಸವೆಲ್ಲ ಒಂದು ಹದಕ್ಕೆ ಬಂದಿದೆ, ನಾನಿಲ್ಲದಿದ್ದರೆ ಕಂಪನಿಯ ವ್ಯವಹಾರಕ್ಕಾಗಲೀ ನನ್ನ ಬಡ್ತಿಗಾಗಲೀ ಧಕ್ಕೆಯಿಲ್ಲ ಎಂದು ನೂರಕ್ಕೆ ನೂರು ಖಾತ್ರಿಯಾದಾಗ ಮಾತ್ರ ಹೊರಡಬೇಕು! ಅಂಥ ದಿನ ಯಾವ ಆಫೀಸಿನ ಕ್ಯಾಲೆಂಡರಿನಲ್ಲಿದೆ, ಹೇಳಿ?

ಈ ಪದ್ಧತಿಗೆ ಹೆಸರು ತಂದುಕೊಟ್ಟದ್ದು ನೆಟ್‌ಫ್ಲಿಕ್ಸ್. ರಾತ್ರಿ, ಭಾನುವಾರ ಎನ್ನದೆ ದುಡಿಯುವಾಗ ಯಾರೂ ಗಂಟೆ ಎಣಿಸುವುದಿಲ್ಲ, ರಜೆಯನ್ನು ಮಾತ್ರ ಏಕೆ ಎಣಿಸಬೇಕು ಎಂಬುದು ಅಲ್ಲಿನ ವಾದ. ನ್ಯಾಯವಾದ ಮಾತೇ. ಸ್ಥಾಪಕರಲ್ಲೊಬ್ಬರಾದ ರೀಡ್ ಹೇಸ್ಟಿಂಗ್ಸ್ ತಾವೇ ವರ್ಷಕ್ಕೆ ಆರು ವಾರ ರಜೆ ಹಾಕಿ, ಹೋಗಿಬಂದ ಕಥೆಯನ್ನು ಎಲ್ಲರಿಗೂ ಹೇಳುತ್ತಿದ್ದರು. ಮೇಲಿನವರು ಹೋಗದೆ ಕೆಳಗಿನವರು ಕದಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮದುವೆಯ ಪಂಕ್ತಿಯಲ್ಲಿ ‘ಸಂಕೋಚ ಬೇಡ, ಹಾಕಿಸಿಕೊಳ್ಳಿ’ ಎಂದು ಎಷ್ಟೇ ಉಪಚಾರ ಮಾಡಿದರೂ, ಪಕ್ಕದ ಎಲೆ ನೋಡಿಯೇ ನಾವು ಎರಡನೆಯ ಹೋಳಿಗೆಗೆ ಹೂಂ ಅನ್ನುವುದು. ಕಿಕ್‌ಸ್ಟಾರ್ಟರ್ ಕಂಪನಿ 2015ರಲ್ಲಿ ಈ ಗೊಂದಲವೇ ಬೇಡವೆಂದು ಮಿತಿಯಿಲ್ಲದ ರಜೆಯನ್ನು ಕೈಬಿಟ್ಟು, ವರ್ಷಕ್ಕೆ 25 ದಿನ ಎಂದು ಗೊತ್ತುಮಾಡಿತು.

ಸಂಕೋಚದ ಮಾತು ಹಾಗಿರಲಿ, ನನ್ನ ಅನುಮಾನವೆಲ್ಲ ಲೆಕ್ಕದ ಪುಸ್ತಕದ ಮೇಲೆ. ನೌಕರರಿಗೆ ಸಂಬಳಸಹಿತ ರಜೆ ಕೊಡಲೇಬೇಕೆಂಬ ಒಕ್ಕೂಟ ಕಾನೂನು ಅಮೆರಿಕದಲ್ಲಿಲ್ಲ. ಆದರೆ ಕಂಪನಿ ತಾನಾಗಿ ಕೊಟ್ಟರೆ, ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಅದು ಗಳಿಸಿದ ಸಂಬಳಕ್ಕೆ ಸಮ. ಕೆಲಸ ಬಿಟ್ಟವನಿಗೆ ಉಳಿದ ರಜೆಯ ದುಡ್ಡನ್ನು ಎಣಿಸಿ ಕೊಡಬೇಕು. 1982ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಹೀಗಾಗಿ ಉಳಿದ ಪ್ರತಿ ರಜೆಯೂ ಕಂಪನಿಯ ತಲೆಯ ಮೇಲಿನ ಸಾಲ. ಮಿತಿಯೇ ಇಲ್ಲ ಎಂದುಬಿಟ್ಟರೆ ರಜೆ ಜಮೆಯಾಗುವುದಿಲ್ಲ. ಜಮೆಯಾಗದ್ದಕ್ಕೆ ಬಾಕಿಯೂ ಇಲ್ಲ.

ಇದನ್ನು ಬೇಗ ಹಿಡಿದವರು ಪತ್ರಕರ್ತರು. ಲಾಸ್ ಏಂಜಲೀಸ್ ಟೈಮ್ಸ್‌ನ ಒಡೆತನವಿದ್ದ ಟ್ರಿಬ್ಯೂನ್ ಪಬ್ಲಿಷಿಂಗ್ 2014ರ ನವೆಂಬರ್‌ನಲ್ಲಿ ಇಂಥದೇ ಪದ್ಧತಿ ಘೋಷಿಸಿತು. ಕೂಡಿಟ್ಟ ನಮ್ಮ ರಜೆಯ ಗತಿಯೇನು ಎಂದು ಸಿಬ್ಬಂದಿ ತಿರುಗಿಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಮೈಕ್ರೋಸಾಫ್ಟ್ ಹೆಚ್ಚು ಮರ್ಯಾದೆಯಿಂದ ನಡೆದುಕೊಂಡಿತು ಅನ್ನಬೇಕು. 2023ರ ಜನವರಿಯಲ್ಲಿ ಅಮೆರಿಕದ ಮಾಸಿಕ ಸಂಬಳದ ನೌಕರರಿಗೆ ಮಿತಿ ತೆಗೆದಾಗ, ಹಳೆಯ ಬಾಕಿ ರಜೆಗೆ ಹಣ ಕೊಡುವುದಾಗಿ ಹೇಳಿತು. ಅದೇ ತಿಂಗಳು 10,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿಯೂ ಪ್ರಕಟಿಸಿತು. ಅಂಥ ಹವೆಯಲ್ಲಿ ಎರಡು ವಾರ ಊರಿಗೆ ಹೋಗುತ್ತೇನೆಂದು ಮೇಲ್ ಬರೆಯಲು ಗುಂಡಿಗೆ ಬೇಕು.

ಆ ಸೌಲಭ್ಯ ಅಮೆರಿಕದ ಹೊರಗಿನ ನೌಕರರಿಗೆ ಸಿಗಲಿಲ್ಲ. ಬೆಂಗಳೂರಿನವರು ಇದಕ್ಕೆ ಹೊಟ್ಟೆಕಿಚ್ಚು ಪಡಬೇಕಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದುಡಿದ 20 ದಿನಕ್ಕೊಂದು ಗಳಿಕೆ ರಜೆ ಸಿಗುತ್ತದೆ. ಮುಂದಿನ ವರ್ಷಕ್ಕೆ 45 ದಿನದವರೆಗೆ ಒಯ್ಯಬಹುದು. ಎರಡನೇ ಶನಿವಾರಕ್ಕೊಂದು ಸಿಎಲ್ ಜೋಡಿಸಿ ಮೂರು ದಿನ ಮಾಡಿಕೊಳ್ಳುವ ಸರ್ಕಾರಿ ನೌಕರರ ಜಾಣತನ ನೋಡಿ ನಗುತ್ತೇವೆ. ನಿವೃತ್ತಿಯ ದಿನ ಉಳಿದ ಇಎಲ್‌ಗೆ ನಗದು ಎಣಿಸಿಕೊಳ್ಳುವವರೂ ಅವರೇ.

ಇನ್ನು ಆಫರ್ ಲೆಟರಿನಲ್ಲಿ ‘ಅನ್‌ಲಿಮಿಟೆಡ್ ಲೀವ್’ ಕಂಡವರು ಸಹಿಗೆ ಮುಂಚೆ ಎಚ್‌ಆರ್‌ಗೆ ಎರಡು ಪ್ರಶ್ನೆ ಹಾಕಬಹುದು: ನನ್ನ ಮ್ಯಾನೇಜರ್ ಕಳೆದ ವರ್ಷ ಎಷ್ಟು ದಿನ ರಜೆ ಹಾಕಿದರು? ಕೆಲಸ ಬಿಡುವಾಗ ನನ್ನ ಕೈಗೆ ಏನು ಬರುತ್ತದೆ?