ಹುಲ್ಲಲ್ಲದ ಹುಲ್ಲಿಗೂ ಪೊರಕೆ ಬೇಕು

ಮುಂಬಯಿಯ ಉಪನಗರಗಳಲ್ಲಿ ರಾತ್ರಿ ಹತ್ತು ಗಂಟೆಯ ಮೇಲೆ ನಡೆದು ಹೋಗುವವರಿಗೆ ಇಂದು ಒಂದು ದೃಶ್ಯ ಸಾಮಾನ್ಯವಾಗಿ ಕಾಣಸಿಗುತ್ತದೆ. ಎತ್ತರದ ಬಲೆಗಳಿಂದ ಸುತ್ತುವರಿದ ಚಿಕ್ಕದೊಂದು ಅಂಗಣ, ಹಗಲನ್ನೂ ನಾಚಿಸುವ ದೀಪಗಳು, ನೆಲದ ತುಂಬ ಕಣ್ಣು ಕೋರೈಸುವ ಹಸುರು. ಅದರ ಮೇಲೆ ಕಚೇರಿಯ ಕೆಲಸವನ್ನೋ ಹೋಟೆಲಿನ ಪಾಳಿಯನ್ನೋ ಮುಗಿಸಿ ಬಂದ ತರುಣರ ಚೆಂಡಾಟ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ಆಡುವ ಈ ಅಂಗಣವನ್ನು ಅವರು ‘ಟರ್ಫ್’ ಎನ್ನುತ್ತಾರೆ. ಅಲ್ಲಿರುವುದು ಹುಲ್ಲಲ್ಲ, ಪ್ಲಾಸ್ಟಿಕಿನ ಎಳೆ. ನೀರುಣಿಸುವ ಚಿಂತೆಯಿಲ್ಲ, ಗೊಬ್ಬರದ ಖರ್ಚಿಲ್ಲ, ಕತ್ತರಿಸುವ ಗೋಜಿಲ್ಲ. ಒಮ್ಮೆ ಹಾಸಿಬಿಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆಯಿಂದಲೇ ಎಷ್ಟೋ ಶಾಲೆಗಳೂ ಸಂಘಗಳೂ ಲಕ್ಷಾಂತರ ರೂಪಾಯಿ ವ್ಯಯಿಸಿ ಇಂತಹ ಹಾಸನ್ನು ಹಾಕಿಸುತ್ತಿವೆ.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಗೊಬ್ಬರ ಬೇಡವೆಂಬುದು ನಿಜ, ಕತ್ತರಿಸುವುದು ಬೇಡವೆಂಬುದೂ ನಿಜ. ಆದರೆ ಗುಡಿಸುವುದೂ ಬೇಡವೆಂದು ಬಗೆದವರು ಕೆಲವೇ ವರ್ಷಗಳಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಅವರೊಡನೆ ಮಕ್ಕಳ ಮೊಣಕಾಲೂ ಕಣಕಾಲೂ ನೋಯುತ್ತವೆ.

ಈ ಕೃತಕ ಹಾಸು ಹೆಸರು ಮಾಡಿದ್ದೇ ನಿಜವಾದ ಹುಲ್ಲು ಸತ್ತದ್ದರಿಂದ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ‘ಆಸ್ಟ್ರೋಡೋಮ್’ ಎಂಬ ಛಾವಣಿಯುಳ್ಳ ಭಾರಿ ಕ್ರೀಡಾಂಗಣವು ತೆರೆಯಿತು. ಪಾರದರ್ಶಕ ಛಾವಣಿಯ ಮೂಲಕ ಬೀಳುತ್ತಿದ್ದ ಬಿಸಿಲಿನಿಂದ ಒಳಗೆ ಹುಲ್ಲು ಬೆಳೆಯಿತು. ಆದರೆ ಅದೇ ಬಿಸಿಲು ಕಣ್ಣು ಕುಕ್ಕಿ, ಆಟಗಾರರಿಗೆ ಮೇಲಿನಿಂದ ಬರುವ ಚೆಂಡೇ ಕಾಣದಾಯಿತು. ಛಾವಣಿಗೆ ಬಣ್ಣ ಬಳಿದರು, ಹುಲ್ಲು ಸತ್ತಿತು. ಮರುವರ್ಷ, 1966ರಲ್ಲಿ, ಅಲ್ಲಿ ಪ್ಲಾಸ್ಟಿಕಿನ ಹಾಸು ಬಂದಿತು. ‘ಆಸ್ಟ್ರೋಟರ್ಫ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಆ ಕ್ರೀಡಾಂಗಣದಿಂದಲೇ.

ನಮ್ಮ ದೇಶಕ್ಕೆ ಅದರ ಬಿಸಿ ತಟ್ಟಿದ್ದು ಹಾಕಿ ಆಟದಲ್ಲಿ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ಭಾರತವು ವಿಶ್ವಕಪ್ಪನ್ನು ಗೆದ್ದಿತು; ಕೊಡಗಿನ ಬಿ. ಪಿ. ಗೋವಿಂದ ಅವರು ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಿದಾಗ ಅದೇ ಭಾರತವು ಏಳನೆಯ ಸ್ಥಾನಕ್ಕೆ ಇಳಿಯಿತು. 1980ರ ಮಾಸ್ಕೋದಲ್ಲಿ ಸ್ವರ್ಣಪದಕ ಮರಳಿ ಬಂದಿತಾದರೂ—ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಅವರಿದ್ದರು—ಒಂದು ಪಾಠ ಮಾತ್ರ ಅಳಿಸದೆ ಉಳಿಯಿತು: ಕಾಲ ಕೆಳಗಿನ ನೆಲ ಬದಲಾದರೆ ಆಟವೇ ಬದಲಾಗುತ್ತದೆ. ನೆಲವನ್ನು ಬದಲಾಯಿಸುವುದು ಹೊಸ ಹಾಸು ಒಂದೇ ಅಲ್ಲ. ಹಾಸಿದ್ದನ್ನು ಅಲಕ್ಷಿಸಿದರೂ ಅದು ಬದಲಾಗುತ್ತದೆ.

ಅದು ಹೇಗೆಂಬುದನ್ನು ತಿಳಿಯಲು ಹಾಸಿನ ಒಳಗನ್ನು ನೋಡಬೇಕು. ಇಂದು ದೊಡ್ಡ ಹಾಕಿ ಪಂದ್ಯಗಳ ಹಾಸಿಗೆ ನೀರು ಚಿಮುಕಿಸುತ್ತಾರೆ, ಅದರಲ್ಲಿ ಮರಳಿಲ್ಲ. ಆದರೆ ಶಾಲೆಗಳಲ್ಲಿಯೂ ಬಾಡಿಗೆಯ ಅಂಗಣಗಳಲ್ಲಿಯೂ ಬಹುಮಟ್ಟಿಗೆ ಇರುವುದು ಎಳೆಗಳ ನಡುವೆ ಮರಳನ್ನು, ಅಥವಾ ಮರಳಿನ ಮೇಲೆ ರಬ್ಬರಿನ ಹರಳುಗಳನ್ನು ತುಂಬಿದ ಹಾಸು. ಈ ಮರಳು ಎರಡು ಕೆಲಸ ಮಾಡುತ್ತದೆ: ತನ್ನ ಭಾರದಿಂದ ಹಾಸನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಎಳೆಗಳ ಬುಡಕ್ಕೆ ಆಸರೆಯಾಗಿ ಅವು ನೆಟ್ಟಗೆ ನಿಲ್ಲುವಂತೆ ಮಾಡುತ್ತದೆ. ನೂರಾರು ಕಾಲುಗಳು ದಿನವೂ ತುಳಿದಾಗ ಗೋಲಿನ ಮುಂದಿನ ಮರಳು ಚೆದರಿ ಅಂಚುಗಳಲ್ಲಿ ಗುಡ್ಡೆಯಾಗುತ್ತದೆ. ಆಸರೆ ತಪ್ಪಿದ ಎಳೆಗಳು ಒಂದೇ ಕಡೆಗೆ ಮಲಗುತ್ತವೆ. ನಗರದ ಧೂಳು, ಒಣಗಿದ ಎಲೆ, ಸವೆದ ಎಳೆಯ ಚೂರು ಇವೆಲ್ಲ ಮರಳಿನ ಕಣಗಳ ಸಂದಿಯನ್ನು ತುಂಬುತ್ತವೆ. ಮರಳು ಗಾರೆಯಂತೆ ಗಟ್ಟಿಯಾಗುತ್ತದೆ; ಮಳೆಗಾಲದಲ್ಲಿ ನೀರು ಇಂಗದೆ ನಿಲ್ಲುತ್ತದೆ; ನಿಂತಲ್ಲಿ ಪಾಚಿ ಕಟ್ಟುತ್ತದೆ. ಮೇಲಿನಿಂದ ನೋಡುವವರಿಗೆ ಹಸುರು ಹಾಗೆಯೇ ಇರುತ್ತದೆ. ಬಿದ್ದ ಮಗುವಿಗೆ ಮಾತ್ರ ಅದು ಸಿಮೆಂಟಿನ ನೆಲವೆಂದು ಗೊತ್ತಾಗುತ್ತದೆ.

ಇದಕ್ಕೆ ಮದ್ದು ಪೊರಕೆಯೇ. ಆದರೆ ಕರಾವಳಿಯವರು ಹಿಡಿಸೂಡಿಯೆಂದೂ ಉತ್ತರದವರು ಕಸಬರಿಗೆಯೆಂದೂ ಕರೆಯುವ ನಮ್ಮ ಮನೆಯ ಪೊರಕೆ ಇಲ್ಲಿ ಸಾಲದು. ಮಣ್ಣಿನ ಅಂಗಳದಲ್ಲಿ ಹಿಡಿಸೂಡಿಯು ಕಸವನ್ನು ಮುಂದಕ್ಕೆ ತಳ್ಳುತ್ತದೆ. ಇಲ್ಲಿ ಅದು ಕಸದೊಡನೆ ಮರಳನ್ನೂ ತಳ್ಳಿಬಿಡುತ್ತದೆ. ಬೇಕಾದದ್ದು ಕಸವನ್ನು ಮೇಲಕ್ಕೆತ್ತಿ, ಮರಳನ್ನು ಅಲ್ಲಿಯೇ ಬಿಟ್ಟು, ಎಳೆಯನ್ನು ಎಬ್ಬಿಸಿ ನಿಲ್ಲಿಸುವ ಪೊರಕೆ. ಎಳೆದೊಯ್ಯುವ ಉರುಳುಪೊರಕೆಯ ಯಂತ್ರವು ಮಾಡುವ ಕೆಲಸ ಇದೇ.

ಅದರ ರಚನೆಯಲ್ಲಿ ನಿಗೂಢವಾದದ್ದೇನೂ ಇಲ್ಲ. ಮುಂದೆ ಒಂದು ಮೂಕಿ. ಅದನ್ನು ಚಿಕ್ಕ ಟ್ರ್ಯಾಕ್ಟರಿಗೆ ಸಿಕ್ಕಿಸುತ್ತಾರೆ. ಎರಡು ಗಾಲಿಗಳ ನಡುವೆ ಅಡ್ಡಲಾಗಿ ಒಂದು ಉರುಳೆ. ಅದರ ಸುತ್ತ ನೈಲಾನ್ ಮುಂತಾದವುಗಳಿಂದ ಮಾಡಿದ ಬಿರುಸು ಕೂದಲು. ಕೆಲವು ಯಂತ್ರಗಳಲ್ಲಿ ಉರುಳೆಯನ್ನು ತಿರುಗಿಸಲು ಸಣ್ಣ ಎಂಜಿನ್ ಇರುತ್ತದೆ. ಸರಳವಾದವುಗಳಲ್ಲಿ ಅದೂ ಇಲ್ಲ: ಗಾಲಿ ಉರುಳಿದಂತೆ ಹಲ್ಲುಚಕ್ರಗಳೋ ಸರಪಳಿಯೋ ಆ ಚಲನೆಯನ್ನು ಉರುಳೆಗೆ ಮುಟ್ಟಿಸಿ, ಗಾಲಿಗಿಂತ ಹೆಚ್ಚು ವೇಗದಲ್ಲಿ ಅದನ್ನು ತಿರುಗಿಸುತ್ತವೆ. ಕೂದಲುಗಳು ಕಸವನ್ನು ಚಿಮ್ಮಿಸಿ ಹಿಂದಿನ ತೊಟ್ಟಿಗೆ ಹಾಕುತ್ತವೆ. ಮರಳಿನ ಹಾಸಿಗೆಂದೇ ಮಾಡಿದ ಕೆಲವು ಯಂತ್ರಗಳಲ್ಲಿ ನಡುವೆ ಅಲುಗುವ ಜರಡಿಯೊಂದಿರುತ್ತದೆ. ಎಲೆ, ಕಾಗದ, ಕಲ್ಲು ಜರಡಿಯ ಮೇಲೆ ಉಳಿಯುತ್ತವೆ. ಎದ್ದ ಮರಳು ಕೆಳಗಿಳಿದು ತನ್ನ ಜಾಗವನ್ನು ಸೇರುತ್ತದೆ.

ಯಂತ್ರ ಸರಳವಾದರೂ ಅದನ್ನು ನಡೆಸುವವನಿಗೆ ವಿವೇಕ ಬೇಕು. ಉರುಳೆಯ ಎತ್ತರವನ್ನು ತಿರುಪಿನಿಂದ ಹೊಂದಿಸಬಹುದು. ಕೂದಲಿನ ತುದಿ ಎಳೆಯ ತುದಿಯನ್ನು ಸೋಕಿದರೆ ಸಾಕು, ಆಳಕ್ಕೆ ಇಳಿಸಿದರೆ ಮರಳು ಎದ್ದುಹೋಗಿ ಎಳೆ ಸೀಳುತ್ತದೆ. ನಡಿಗೆಯ ವೇಗವನ್ನು ಮೀರಬಾರದು. ಒಂದು ವಾರ ಉದ್ದಕ್ಕೆ ಗುಡಿಸಿದರೆ ಮರುವಾರ ಅಡ್ಡಕ್ಕೆ ಗುಡಿಸಬೇಕು. ಇಲ್ಲವಾದರೆ ಎಳೆಗಳು ಮತ್ತೆ ಒಂದೇ ಕಡೆಗೆ ವಾಲುತ್ತವೆ. ಒದ್ದೆ ಮರಳು ಉಂಡೆಗಟ್ಟುವುದರಿಂದ ಹಾಸು ಒಣಗಿರುವಾಗಲೇ ಈ ಕೆಲಸ ನಡೆಯಬೇಕು. ಉರಿಬಿಸಿಲಿನಲ್ಲಿ ಎಳೆ ಮೆತ್ತಗಾಗುವುದರಿಂದ ನಡುಹಗಲೂ ಸಲ್ಲದು. ಎಳೆಯುವ ಗಾಡಿಯ ಟೈರುಗಳು ಅಗಲವಾಗಿ, ಗಾಳಿ ಕಡಮೆಯಾಗಿರಬೇಕು. ಅತಿಯಾಗಿ ಗುಡಿಸಿದರೂ ಎಳೆ ಸವೆಯುತ್ತದೆಂಬುದನ್ನು ಮರೆಯಲಾಗದು. ಬಹುಕಾಲದ ಅಲಕ್ಷ್ಯದಿಂದ ಕಲ್ಲಾದ ಮರಳನ್ನು ಪೊರಕೆಯು ಬಿಡಿಸಲಾರದು. ಅದಕ್ಕೆ ಆಳವಾಗಿ ಕೆದಕುವ ಬೇರೆ ಯಂತ್ರವೇ ಬೇಕು, ಅದರ ವೆಚ್ಚವೂ ಬೇರೆಯೇ.

ನಿಜವಾದ ಹುಲ್ಲಿಗೂ ಇದೇ ಯಂತ್ರ ಉಪಕಾರಿ. ಕತ್ತರಿಸಿದ ಹುಲ್ಲಿನ ಚೂರನ್ನು ಅದು ಬಾಚಿಕೊಳ್ಳುತ್ತದೆ. ನೆಲ ಸಮವಾಗಲೆಂದು ಮೇಲೆ ಎರಚಿದ ಮರಳನ್ನು ಗರಿಕೆಯ ಬುಡಕ್ಕೆ ಇಳಿಸುತ್ತದೆ. ರಾತ್ರಿಯ ಕ್ರಿಕೆಟ್ ಪಂದ್ಯದಲ್ಲಿ ಇಬ್ಬರು ಉದ್ದನೆಯ ಹಗ್ಗವೊಂದನ್ನು ಹಿಡಿದು ಮೈದಾನದ ಮೇಲೆ ಎಳೆದು ಇಬ್ಬನಿಯನ್ನು ಬೀಳಿಸುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಹುಲ್ಲನ್ನು ನೋಯಿಸದೆ ಸವರುವ ಕಲೆಯ ಅತ್ಯಂತ ಸರಳ ರೂಪ ಅದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಗುಡಿಸದೆ ಬಿಟ್ಟ ರಬ್ಬರಿನ ಹರಳೂ ಪ್ಲಾಸ್ಟಿಕಿನ ಚೂರೂ ಆಟಗಾರರ ಬೂಟಿನೊಡನೆ ಬೀದಿಗೆ, ಮಳೆಯ ನೀರಿನೊಡನೆ ಚರಂಡಿಗೆ ಸಾಗುತ್ತವೆ. ಮುಂಬಯಿಯಂತಹ ಊರಿನಲ್ಲಿ ಚರಂಡಿಯ ಮುಂದಿನ ನಿಲ್ದಾಣ ಸಮುದ್ರವೇ. ಯೂರೋಪಿನ ಒಕ್ಕೂಟವು 2023ರಲ್ಲಿ ಇಂತಹ ಹರಳುಗಳ ಮಾರಾಟವನ್ನು ನಿಷೇಧಿಸಲು ನಿರ್ಧರಿಸಿ, ಕ್ರೀಡಾಂಗಣಗಳಿಗೆ 8 ವರ್ಷಗಳ ಕಾಲಾವಕಾಶವನ್ನು ಕೊಟ್ಟಿದೆ. ನಾವು ಅಷ್ಟು ದೂರ ಹೋಗದಿದ್ದರೂ, ಅಂಚಿನಲ್ಲಿ ಗುಡ್ಡೆಯಾದ ಹರಳನ್ನು ವಾರಕ್ಕೊಮ್ಮೆ ಬಾಚಿ ಮತ್ತೆ ಒಳಕ್ಕೆ ಹರಡುವಷ್ಟನ್ನಾದರೂ ಮಾಡಬಹುದು.

ಪ್ರತಿಯೊಂದು ಶಾಲೆಯೂ ಯಂತ್ರವನ್ನು ಕೊಳ್ಳಬೇಕೆಂದು ಇದರ ಅರ್ಥವಲ್ಲ. ಐದೈದು ಮಂದಿ ಆಡುವ ಚಿಕ್ಕ ಅಂಗಣಕ್ಕೆ ಕೈಯಿಂದ ಎಳೆಯುವ ಅಗಲವಾದ ಕುಂಚವೇ ಸಾಕು. ದೊಡ್ಡ ಮೈದಾನವುಳ್ಳ ನಾಲ್ಕಾರು ಸಂಸ್ಥೆಗಳು ಕೂಡಿ ಒಂದು ಯಂತ್ರವನ್ನು ಇಟ್ಟುಕೊಳ್ಳಬಹುದು. ಹಾಸಿನ ಬೆಲೆಯನ್ನು ವಿಚಾರಿಸುವ ದಿನವೇ ಅದನ್ನು ಗುಡಿಸುವವರು ಯಾರು, ಎಷ್ಟು ದಿನಕ್ಕೊಮ್ಮೆ, ಯಾವ ಹಣದಿಂದ ಎಂಬುದನ್ನೂ ಆಡಳಿತ ಮಂಡಳಿಯು ಬರೆದಿಡುವುದು ಅಗತ್ಯ. ಇಲ್ಲವಾದರೆ ಆನೆಯನ್ನು ಕೊಂಡು ಅಂಕುಶಕ್ಕೆ ಹಣವಿಲ್ಲವೆಂದಂತಾಗುತ್ತದೆ. ಯಂತ್ರ ಬಂದರೂ ಅದರ ಹಿಂದೆ ನಿಲ್ಲುವವನು ಮೈದಾನದ ಮಾಲಿಯೇ. ಉದ್ಘಾಟನೆಯ ದಿನ ವೇದಿಕೆಯ ಮೇಲಿದ್ದವರಿಗೆಲ್ಲ ಹಾರ ಬೀಳುತ್ತದೆ. ಆ ಹಾಸು ಹತ್ತು ವರ್ಷ ಬಾಳುವುದೋ ನಾಲ್ಕೇ ವರ್ಷಕ್ಕೆ ಹರಿಯುವುದೋ ಎಂಬುದು ಬೆಳಗ್ಗೆ ಆರು ಗಂಟೆಗೆ ಬರುವ ಆತನ ಕೈಯಲ್ಲಿದೆ.

ಮುಂದಿನ ಭಾನುವಾರ ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ವಾಚಕರು ಗೋಲಿನ ಮುಂದೆ ಒಮ್ಮೆ ಬಗ್ಗಿ, ಹಾಸಿನ ಮೇಲೆ ಅಂಗೈಯನ್ನು ಆಡಿಸಿ ನೋಡಲಿ. ಎಳೆಗಳು ಕೈಗೆ ಎದುರಾಗಿ ನಿಂತರೆ ನಿಶ್ಚಿಂತೆಯಿಂದ ಆಡಿಸಬಹುದು. ನೆಲಕ್ಕೆ ಅಂಟಿ ಮಲಗಿದ್ದರೆ, ಇದನ್ನು ಕಡೆಯದಾಗಿ ಗುಡಿಸಿದ್ದು ಯಾವಾಗ ಎಂದು ಬಾಡಿಗೆ ಕೊಡುವ ಮೊದಲು ಕೇಳಲು ಸಂಕೋಚಪಡಬೇಕಾಗಿಲ್ಲ.