ಬಲ ಕೇಳುವ ಮುನ್ನ ಲೆಕ್ಕ ಕೇಳಿರಿ

ದೇವಾಲದ ಏರಿನಲ್ಲಿ ಪಿಕಪ್ ಗಾಡಿ ಸೊರಗಿದರೆ ಮೂಟೆಯೊಳಗಿನ ಚಹಾ ಎಲೆ ಕಾದು ಕೆಂಪಾಗುವುದು. ಕೂಡಲೆ ‘ಇಸಿಯು ತಿದ್ದಿಸಿ’ ಎಂಬ ಸಲಹೆ ಬರುತ್ತದೆ. ಯಾವ ಗಳಿಗೆಗೆ ಎಷ್ಟು ಡೀಸೆಲ್ ಚಿಮ್ಮಬೇಕೆಂದು ನಿರ್ಧರಿಸುವ ಪುಟ್ಟ ಕಂಪ್ಯೂಟರೇ ಇಸಿಯು. ತಿದ್ದಿಸುವ ಮೊದಲು ಅದರಿಂದ ಲೆಕ್ಕ ಪಡೆಯಬೇಕೆಂಬುದು ನಮ್ಮ ಮತ.

2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಓಬಿಡಿ ಕಿಂಡಿಯುಂಟು. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿ, ಒಂದೇ ಏರನ್ನು ಒಂದೇ ಗೇರಿನಲ್ಲಿ ಒಮ್ಮೆ ಬರಿದಾಗಿ, ಒಮ್ಮೆ ಹೊರೆಯೊಡನೆ ಹತ್ತಿಸಿರಿ. ಎಂಜಿನ್ನಿನ ಸುತ್ತು, ನೀರಿನ ಕಾವು, ಒಳಗಾಳಿಯ ಒತ್ತಡ ದಾಖಲಾಗಲಿ. (ಚಾಲಕನು ರಸ್ತೆ ನೋಡಲಿ, ಪಕ್ಕದವರು ಅಂಕಿ ನೋಡಲಿ.) ಕಾವು 90 ಡಿಗ್ರಿಯ ಆಸುಪಾಸು ನಿಲ್ಲದೆ ಏರುತ್ತಲೇ ಹೋದರೆ ಮೊದಲು ರೇಡಿಯೇಟರ್ ಪರೀಕ್ಷಿಸಿರಿ. ಹೊರೆಯಲ್ಲೂ ಒತ್ತಡ ಏರದಿದ್ದರೆ ಏರ್ ಫಿಲ್ಟರ್, ಟರ್ಬೊ ಕೊಳವೆ ನೋಡಿರಿ. ಇವನ್ನು ಸರಿಪಡಿಸದೆ ಡೀಸೆಲ್ ಹೆಚ್ಚಿಸಿದರೆ ಹೊಗೆಯೂ ಕಾವೂ ಹೆಚ್ಚುವುವು, ವಾರಂಟಿಯೂ ಹೋದೀತು.